ಅಪ್ಪಣೆಯಾಗಲಿ

ಜಾಣ ಮಕ್ಕಳನ್ನು ಹುಡುಕಿ ತೆಗೆಯುವುದರಲ್ಲಿ ಆ ಶಾಲೆಯನ್ನು ಮೀರಿಸುವವರಿರಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಹುಡುಕುತ್ತಿದ್ದರು. ಪ್ರತಿ ವರ್ಷವೂ ಜಾಣ ಮಕ್ಕಳು ಕೆರೆಯ ದಡದ ದೊಡ್ಡ ಮನೆಗಳಲ್ಲೇ ಸಿಗುತ್ತಿದ್ದರು. ಕೋಳಿ ಕಾರ್ಖಾನೆಯ ಹಿಂದೆ ಟ್ರೈಲರ್ ಮನೆಗಳ ಸಾಲಿತ್ತಲ್ಲ, ಅಲ್ಲಿ ಒಂದೂ ಸಿಗುತ್ತಿರಲಿಲ್ಲ. ದೇವರು ಬುದ್ಧಿ ಹಂಚುವಾಗ ನೀರಿನ ಅಂಚು ಹಿಡಿದೇ ನಡೆದುಬಿಟ್ಟಿರಬೇಕು, ಹೆದ್ದಾರಿ ದಾಟಿ ಈಚೆ ಬರಲು ಅವನಿಗೆ ಪುರಸೊತ್ತಾಗಿಲ್ಲ. ಉತ್ತರ ಕ್ಯಾರೊಲೈನಾದ ಆ ಊರಿನಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಸಿಕ್ಕಿದ ಜಾಣರಿಗೆ ಆರನೆಯ ತರಗತಿ ಮುಗಿಯುತ್ತಲೇ ವೇಗದ ಗಣಿತ. ಎರಡು ವರ್ಷದ ಪಾಠ ಒಂದೇ ವರ್ಷಕ್ಕೆ. ಎಂಟನೆಯದಕ್ಕೆಲ್ಲ ಹೈಸ್ಕೂಲಿನ ಲೆಕ್ಕ, ಹೈಸ್ಕೂಲಿನಲ್ಲಿ ಕಾಲೇಜಿನ ಲೆಕ್ಕ, ಆಮೇಲೆ ಎಂಜಿನಿಯರೋ ಡಾಕ್ಟರೋ, ದಾರಿಯುದ್ದಕ್ಕೂ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಸಿಗದವರಿಗೆ ನಿಧಾನದ ಗಣಿತ. ನಿಧಾನ ಅಂತ ಬಾಯಿಬಿಟ್ಟು ಹೇಳುವಷ್ಟು ಒರಟರಲ್ಲ ಅವರು. ‘ಸಾಮಾನ್ಯ’ ಎನ್ನುತ್ತಾರೆ. ಹನ್ನೆರಡು ವರ್ಷದ ಮಗುವಿನ ಹಣೆಬರಹ ಬರೆದು ಮುಗಿಸಲು ಅಲ್ಲಿ ಬ್ರಹ್ಮ ಬೇಕಿರಲಿಲ್ಲ, ಒಬ್ಬ ಉಪಪ್ರಾಂಶುಪಾಲ ಸಾಕಾಗಿತ್ತು.

ಆಯ್ಕೆಯಾದವರಿಗೆ ಶಾಲೆಯಿಂದ ನೀಲಿ ಟೀ ಶರ್ಟು. ಎದೆಯ ಮೇಲೆ ಬಿಳಿ ಬಣ್ಣದಲ್ಲಿ ಎರಡು ಕಾಲು, ಕಾಲಿನ ಮೇಲೆ ಒಂದು ಹಲಗೆ. ಅದು ‘ಪೈ’ ಎನ್ನುವ ಗಣಿತದ ಗುರುತು. ಟ್ರೈಲರ್ ಸಾಲಿನ ಎಲ್ವೀರಾಗೆ ಅದು ಮೇಜಿನಂತೆ ಕಂಡಿತ್ತು. ಕೋಳಿ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುವಾಗ ಶಾಲಾ ಬಸ್ಸಿನಿಂದ ಇಣುಕುತ್ತಿದ್ದ ನೀಲಿ ಶರ್ಟುಗಳನ್ನು ನೋಡಿದಳು. ಅದೇ ಬಸ್ಸಿನಿಂದ ಇಳಿದ ಮಗಳು ನಯೇಲಿ ಮಾತ್ರ ಬೆಳಿಗ್ಗೆ ಹಾಕಿಕೊಂಡು ಹೋಗಿದ್ದ ಹಳದಿ ಅಂಗಿಯಲ್ಲೇ ಇದ್ದಳು.

ಮೇಜಿನ ಅಂಗಿ ನಿನಗೆ ಯಾಕೆ ಕೊಡಲಿಲ್ಲ ಎಂದು ಎಲ್ವೀರಾ ಕೇಳಿದಳು. ಜಾಣರಿಗಂತೆ ಅಮಾ, ಎಂದಳು ನಯೇಲಿ. ಎಲ್ವೀರಾಗೆ ಅರ್ಥವಾಗಲಿಲ್ಲ. ವಸಂತದ ಪರೀಕ್ಷೆಯಲ್ಲಿ ಇಡೀ ತರಗತಿಗೆ ಹೆಚ್ಚು ಅಂಕ ಇವಳದೇ ಎಂದು ಶಾಲೆಯವರೇ ಹೇಳಿ ಕಳಿಸಿದ್ದರಲ್ಲ? ಅದಕ್ಕೆಂದೇ ಅವತ್ತು ಕೋಳಿ ಬಿಟ್ಟು ಹಂದಿಮಾಂಸದ ತಮಾಲೆ ಕಡುಬು ಮಾಡಿದ್ದಳಲ್ಲ?

ಹುಡುಗಿ ಬಾಯಿ ಬಿಡಲು ಸಂಜೆಯಾಯಿತು. ಬಿಟ್ಟಾಗ ಹೊರಬಿದ್ದದ್ದು ಇಷ್ಟು. ಅಂಕವೊಂದೇ ಸಾಲದಂತೆ. ಗುಣವನ್ನೂ ನೋಡುತ್ತಾರಂತೆ. ಮಗು ಪ್ರಶ್ನೆ ಕೇಳುತ್ತದೆಯೇ, ಟೀಚರ ಜೊತೆ ವಾದ ಮಾಡುತ್ತದೆಯೇ, ಬೇಸರವಾದರೆ ಬೇಸರ ಎನ್ನುತ್ತದೆಯೇ, ತನ್ನದೇ ಸರಿ ಎಂದು ಹಟ ಹಿಡಿಯುತ್ತದೆಯೇ. ಇವೆಲ್ಲ ಇದ್ದರೆ ಅದು ಜಾಣ ಮಗುವಿನ ಲಕ್ಷಣ. ಮೆಕ್ಸಿಕೋದ ಪುಯೆಬ್ಲಾ ಸೀಮೆಯ ಬೆಟ್ಟದೂರಿನಲ್ಲಿ ಬೆಳೆದ ಎಲ್ವೀರಾಗೆ ಅವೆಲ್ಲ ಕೆಟ್ಟ ಮಗುವಿನ ಲಕ್ಷಣ. ಅವನ್ನು ಮಗಳಲ್ಲಿ ಒಂದೊಂದಾಗಿ ಚಿವುಟಿ ತೆಗೆಯಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಇನ್ನೊಂದು ವಿಷಯವೂ ಇತ್ತು. ಭಾಗಾಕಾರ. ಆ ಶಾಲೆಯಲ್ಲಿ ಭಾಗಿಸುವಾಗ ಕಳೆಯುವ ಲೆಕ್ಕವನ್ನೆಲ್ಲ ಕೆಳಗೆ ಕೆಳಗೆ ಬರೆಯುತ್ತಾ ಏಣಿಯಂತೆ ಇಳಿಸಬೇಕು. ಎಲ್ವೀರಾಳ ಊರಿನಲ್ಲಿ ಹಾಗಲ್ಲ, ಕಳೆಯುವುದನ್ನು ತಲೆಯಲ್ಲೇ ಕಳೆಯಬೇಕು, ಉಳಿದದ್ದನ್ನು ಮಾತ್ರ ಬರೆಯಬೇಕು. ಮೆಕ್ಸಿಕೋದ ಮಕ್ಕಳೆಲ್ಲ ಕಲಿಯುವುದೇ ಹಾಗೆ. ನಯೇಲಿ ಅದನ್ನು ಅಡುಗೆಮನೆಯಲ್ಲಿ ತಾಯಿಯಿಂದ ಕಲಿತಿದ್ದಳು. ಪರೀಕ್ಷೆಯಲ್ಲಿ ಹಾಗೇ ಮಾಡಿದಳು. ಗಣಿತದ ಟೀಚರು ಮಿಸೆಸ್ ಪ್ರೂವಿಟ್ ನೋಡಿದರು. ಉತ್ತರವಿದೆ, ಏಣಿಯಿಲ್ಲ. ಏಣಿಯಿಲ್ಲದೆ ಅಟ್ಟ ಹತ್ತಿದವಳು ಕಳ್ಳಿಯಲ್ಲದೆ ಇನ್ನೇನು? ಎಲ್ಲರೆದುರು ಕರೆದು ಕೇಳಿದರು, ಯಾರದ್ದು ನೋಡಿ ಬರೆದೆ ಎಂದು. ನಯೇಲಿ ತಲೆ ತಗ್ಗಿಸಿ ನಿಂತಳು.

‘ತಲೆ ಯಾಕೆ ತಗ್ಗಿಸ್ದೆ?’ ಎಂದು ಎಲ್ವೀರಾ ಗದರಿದಳು.

‘ನೀನೇ ಹೇಳಿದ್ದಲ್ವಾ ಅಮಾ. ದೊಡ್ಡವರು ಬೈದ್ರೆ ಎದುರಾಡ್ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡ ಅಂತ.’

ಹೇಳಿದ್ದು ಎಲ್ವೀರಾಳೇ. ಅದಷ್ಟೇ ಅಲ್ಲ, ದೊಡ್ಡವರು ಹೆಸರು ಹಿಡಿದು ಕರೆದರೆ ‘ಏನು?’ ಎನ್ನಬಾರದು, ‘ಮಾಂದೆ’ ಎನ್ನಬೇಕು ಎಂದೂ ಅವಳೇ ಕಲಿಸಿದ್ದಳು. ಮಾಂದೆ ಎಂದರೆ ಅಪ್ಪಣೆಯಾಗಲಿ ಎಂದರ್ಥ. ಯಾವ ಕಾಲದ ಯಾವ ಧಣಿಗಳ ಅಂಗಳದಲ್ಲಿ ಹುಟ್ಟಿದ ಮಾತೋ, ಧಣಿಗಳು ಸತ್ತರೂ ಮಾತು ಸಾಯಲಿಲ್ಲ. ಎಲ್ವೀರಾ ಚಿಕ್ಕವಳಿದ್ದಾಗ ಮರೆತು ಒಮ್ಮೆ ‘ಏನು?’ ಎಂದದ್ದಕ್ಕೆ ಅಜ್ಜಿ ಕೆನ್ನೆಗೆ ಬಾರಿಸಿದ್ದಳು. ಕನ್ನಡದಲ್ಲಿ ಮಂಡೆ ಎಂದರೆ ತಲೆ. ಅವರ ಮಾಂದೆ ಎಂದರೆ ಆ ತಲೆಯನ್ನು ತಗ್ಗಿಸುವುದು.

ಮರುದಿನ ಎಲ್ವೀರಾ ಪಾಳಿ ಮುಗಿಯುವ ಮೊದಲೇ ಹೊರಟಳು. ಬೇಗ ಹೊರಟವರ ಹೆಸರಿನ ಮುಂದೆ ಕಾರ್ಖಾನೆಯವರು ಒಂದು ಪಾಯಿಂಟ್ ಬರೆಯುತ್ತಾರೆ, ಪಾಯಿಂಟು ಹೆಚ್ಚಾದರೆ ಕೆಲಸ ಹೋಗುತ್ತದೆ. ಹಾಳಾಗಲಿ ಎಂದಳು. ಮೈಯಿಂದ ಬ್ಲೀಚಿನ ವಾಸನೆ ಹೋಗಲೆಂದು ಮೂರು ಸಲ ಸೋಪು ಹಾಕಿಕೊಂಡಳು. ಚರ್ಚಿಗೆ ಹೋಗುವ ಅಂಗಿ ತೊಟ್ಟಳು.

ಉಪಪ್ರಾಂಶುಪಾಲ ಮಿಸ್ಟರ್ ಗಾರ್ಲಂಡ್ ಬಲು ಒಳ್ಳೆಯ ಮನುಷ್ಯ. ಎದ್ದು ನಿಂತು ಕೈಕುಲುಕಿದ. ಸ್ಪ್ಯಾನಿಷ್ ಬಲ್ಲವರು ಅವತ್ತು ರಜೆಯಲ್ಲಿದ್ದಾರೆ, ಪರವಾಗಿಲ್ಲ, ನಯೇಲಿಯೇ ಹೇಳುತ್ತಾಳಲ್ಲ ಎಂದ. ತನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎನ್ನುವುದನ್ನು ಮಗುವೇ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊತ್ತು ತಂದು ತಾಯಿಗೆ ಒಪ್ಪಿಸಿತು. ಅವಳು ತುಂಬ ಮುದ್ದಾದ ಹುಡುಗಿ ಎಂದ ಗಾರ್ಲಂಡ್. ಇಷ್ಟು ವಿಧೇಯ ಮಗುವನ್ನು ತಾನು ನೋಡೇ ಇಲ್ಲ ಎಂದ. ತರಗತಿಯಲ್ಲಿ ಇದ್ದಾಳೋ ಇಲ್ಲವೋ ಎಂದು ಗೊತ್ತೇ ಆಗುವುದಿಲ್ಲ, ಅಷ್ಟು ಸಭ್ಯಳು, ಇದೆಲ್ಲ ನಿಮ್ಮ ಸಂಸ್ಕಾರ ಎಂದ. ಅಂಥ ಮಗುವನ್ನು ವೇಗದ ತರಗತಿಯ ಒತ್ತಡಕ್ಕೆ ದೂಡಲು ನಮಗೆ ಮನಸ್ಸಿಲ್ಲ ಎಂದ.

ಎಲ್ವೀರಾಳ ಎದೆ ಉಬ್ಬಿತು. ಅವಳ ಊರಿನಲ್ಲಿ ಮೇಷ್ಟ್ರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಹನ್ನೆರಡು ವರ್ಷ ಬೆಳೆಸಿದ್ದು ಸಾರ್ಥಕವಾಯಿತು ಎಂದುಕೊಂಡಳು. ‘ಗ್ರಾಸಿಯಾಸ್’, ಧನ್ಯವಾದ, ಎಂದಳು. ಎದ್ದು ನಿಂತು ಮತ್ತೊಮ್ಮೆ ಎಂದಳು. ಬಾಗಿಲಲ್ಲಿ ತಿರುಗಿ, ‘ನಿಮ್ಮ ಸೇವೆಗೆ ಸದಾ ಸಿದ್ಧಳು’ ಎನ್ನುವ ತನ್ನೂರಿನ ಉಪಚಾರದ ಮಾತನ್ನೂ ಸೇರಿಸಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗಾರ್ಲಂಡ್ ಅವಳನ್ನು ಹೊರಗೆ ಕಳಿಸಿದ. ಬಸ್ಸು ಹತ್ತಿ ಕಾರ್ಖಾನೆಯ ತಿರುವು ಬಂದಾಗ ಅವಳಿಗೆ ಹೊಳೆಯಿತು, ತಾನು ಹೋದದ್ದು ಹೊಗಳಿಸಿಕೊಳ್ಳುವುದಕ್ಕಲ್ಲ. ಪಕ್ಕದಲ್ಲಿ ನಯೇಲಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಅವಳಿಗೆ ಆಗಲೇ ಹೊಳೆದಿತ್ತು.

ಈ ಕಥೆಯನ್ನು ಎಲ್ವೀರಾ ಕಾರ್ಖಾನೆಯ ಸಾಲಿನಲ್ಲಿ ಪಕ್ಕ ನಿಲ್ಲುವ ದೋನ್ಯಾ ತೋಮಾಸಾಗೆ ಹೇಳಿದಳು. ತೋಮಾಸಾ ಅರವತ್ತರ ಹತ್ತಿರದ ಹೆಂಗಸು, ಅದಕ್ಕೇ ದೋನ್ಯಾ ಎನ್ನುವ ಗೌರವ, ನಯೇಲಿಯ ದೀಕ್ಷಾಸ್ನಾನದಲ್ಲಿ ಮಗುವನ್ನೆತ್ತಿಕೊಂಡ ಧರ್ಮತಾಯಿ. ಕತ್ತಿಗಿಂತ ನಾಲಗೆ ಹರಿತ.

‘ಕಪಾಳಕ್ಕೆ ಹೊಡೆಸ್ಕೊಂಡು ಥ್ಯಾಂಕ್ಸ್ ಹೇಳಿ ಬಂದ್ಯಾ ಮಗಳೇ? ಇನ್ನೊಂದ್ ಕೆನ್ನೇನೂ ತೋರ್ಸಿದ್ರೆ ಸಂತಳಾಗ್ತಿದ್ದೆ.’

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಸಾಲಿನಲ್ಲಿ ನಿಂತವರ ಕೈಗೆ ಮೆತ್ತುವುದು ಕೆಸರಲ್ಲ, ಕೋಳಿಯ ಕೊಬ್ಬು. ಮೊಸರಿನ ವಿಳಾಸವೂ ಬೇರೆ. ಬೆಲ್ಟಿನ ಮೇಲೆ ತೊಡೆಗಳು ಬರುತ್ತಲೇ ಇರುತ್ತವೆ. ಎಡಗೈಯಲ್ಲಿ ಹಿಡಿ, ಕತ್ತಿ ಹಾಕು, ತಿರುಗಿಸು, ಎಲುಬು ಎಳೆ, ಎಸೆ. ಅಷ್ಟರಲ್ಲಿ ಇನ್ನೊಂದು. ಮಾಂಸ ಕೆಡದಿರಲೆಂದು ಜಾಗವನ್ನು ಫ್ರಿಜ್ಜಿನಂತೆ ಇಟ್ಟಿರುತ್ತಾರೆ. ಮನುಷ್ಯರು ಕೆಡುವುದರ ಬಗ್ಗೆ ಅಂಥ ಚಿಂತೆಯಿಲ್ಲ. ಬೆಳಿಗ್ಗೆ ಎದ್ದರೆ ಎಲ್ವೀರಾಳ ಬೆರಳು ಮಡಚಲು ಬರುತ್ತಿರಲಿಲ್ಲ, ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ಬಗ್ಗಿಸಿಕೊಳ್ಳಬೇಕಿತ್ತು. ವೇಗದ ಗಣಿತಕ್ಕೆ ಅಲ್ಲಿಯ ಮಕ್ಕಳು ಲಾಯಕ್ಕಿಲ್ಲದಿರಬಹುದು, ವೇಗದ ಬೆಲ್ಟಿಗೆ ಅವರ ತಾಯಂದಿರನ್ನು ಯಾವ ಗುಣಪರೀಕ್ಷೆಯೂ ಇಲ್ಲದೆ ಆರಿಸಿಕೊಂಡಿದ್ದರು.

ಆ ಗುರುವಾರ ಬೆಲ್ಟು ಎಂದಿಗಿಂತ ಜೋರಾಗಿತ್ತು. ಎಲ್ವೀರಾಗೆ ಬಚ್ಚಲಿಗೆ ಹೋಗಬೇಕಿತ್ತು. ಕೈಯೆತ್ತಿದಳು. ಸೂಪರ್‌ವೈಸರ್ ಟ್ರಾವಿಸ್ ಎನ್ನುವ ಹುಡುಗ, ಮೀಸೆ ಈಗ ಮೂಡುತ್ತಿತ್ತು. ದೂರದಿಂದಲೇ ‘ಎಲ್ವೀರಾ!’ ಎಂದು ಕೂಗಿದ.

‘ಮಾಂದೆ?’ ಎಂದಳು. ಬಾಯಿಗೆ ತಾನಾಗಿ ಬಂತು.

‘ಇವತ್ತು ಮಂಡೇ ಅಲ್ಲಮ್ಮಾ, ಥರ್ಸ್‌ಡೇ,’ ಎಂದು ಅವನು ಹಲ್ಲುಕಿರಿದ. ಅವನಿಗೆ ಸೋಮವಾರ ಕೇಳಿಸಿತ್ತು. ನಾಲ್ಕು ಜನ ನಕ್ಕರು. ಬದಲಿಗೆ ಆಳು ಸಿಗಲಿ, ತಡೆದುಕೋ ಎಂದು ಹೇಳಿ ಹೋದ. ಹೋದವನು ಮರೆತ. ಎಲ್ವೀರಾ ಮತ್ತೆ ಕೈಯೆತ್ತಿದಳು, ಮತ್ತೆ ಕಾಲು ಬಿಗಿಹಿಡಿದಳು. ಕೂಗಿ ಕರೆಯುವುದು ಮರ್ಯಾದೆಯಲ್ಲ ಎನಿಸಿತು. ಕತ್ತಿ ಹಾಕು, ತಿರುಗಿಸು, ಎಳೆ. ಕೊನೆಗೆ ಬೆಚ್ಚಗೆ ತೊಡೆಯ ಮೇಲೆ ಇಳಿದು ಬಿಳಿಯ ರಬ್ಬರ್ ಬೂಟಿನೊಳಗೆ ಸೇರಿತು. ಆ ಕೊರೆಯುವ ಜಾಗದಲ್ಲಿ ಅವಳ ಕಾಲು ಬೆಚ್ಚಗಾದದ್ದು ಅದೊಂದೇ ಸಲ.

ತೋಮಾಸಾ ನೋಡಿದಳು. ಕತ್ತಿ ತೊಳೆಯುವ ಬಕೆಟ್ಟನ್ನು ಒದ್ದಳು. ನೀರು ಇಬ್ಬರ ಕಾಲಿಗೂ ಎರಚಿ ನೆಲವೆಲ್ಲ ಹರಿದಾಡಿತು. ಟ್ರಾವಿಸ್ ಓಡಿ ಬಂದು ತೋಮಾಸಾಗೆ ಬೈದ, ಒಂದು ಪಾಯಿಂಟ್ ಹಾಕುತ್ತೇನೆ ಎಂದ. ಹಾಕ್ಕೋ ಎಂದಳು ಮುದುಕಿ.

ಅವನು ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, ‘ಅಳದೇ ಇರೋ ಮಗೂಗೆ ಮೊಲೆ ಇಲ್ಲ ಅಂತ ನಮ್ಮ ಕಡೆ ಅಂತಾರೆ, ನೀನೂ ಕೇಳಿರ್ತೀಯ. ನಿಂಗಂತೂ ಅಳೋಕೆ ಬರಲ್ಲ. ಆ ಹುಡುಗೀಗೂ ಕಲಿಸ್ಬೇಡ, ನಾಳೆ ಇಲ್ಲೇ ನನ್ನ ಜಾಗಕ್ಕೆ ತಂದು ನಿಲ್ಸು. ಬೂಟು ಬೆಚ್ಚಗಿರತ್ತೆ.’

ಎಲ್ವೀರಾಗೆ ಸಿಟ್ಟು ಬಂದಿತ್ತು. ತೋಮಾಸಾ ಮೇಲಲ್ಲ, ಟ್ರಾವಿಸ್ ಮೇಲೂ ಅಷ್ಟಾಗಿ ಅಲ್ಲ. ಕೈಯೆತ್ತಿಕೊಂಡು ನಿಂತಿದ್ದ ತನ್ನ ಮೇಲೆಯೇ ಬಂದಿತ್ತು, ಗಾರ್ಲಂಡನ ಬಾಗಿಲಲ್ಲಿ ತಿರುಗಿ ನಿಂತು ಸೇವೆಗೆ ಸಿದ್ಧ ಎಂದ ಹೆಂಗಸಿನ ಮೇಲೆ ಬಂದಿತ್ತು.

ಅದೇ ಸಂಜೆ ಶಾಲೆಯ ಲೈಬ್ರರಿಯಲ್ಲಿ ವೇಗದ ಗಣಿತದ ಮಕ್ಕಳಿಗೂ ಅವರ ತಂದೆತಾಯಿಗೂ ಸಭೆಯಿದೆ ಎಂದು ನಯೇಲಿ ಹೇಳಿದ್ದಳು. ಎಲ್ವೀರಾ ಮನೆಗೆ ಹೋಗಲಿಲ್ಲ, ಸೋಪು ಹಾಕಿಕೊಳ್ಳಲಿಲ್ಲ. ಬಸ್ಸಿನಿಂದ ಇಳಿಯುತ್ತಿದ್ದ ಮಗಳನ್ನು ಅಲ್ಲಿಂದಲೇ ಹಿಂದಕ್ಕೆ ಕರೆದುಕೊಂಡು ಹೊರಟಳು. ಬೂಟಿನಲ್ಲೇ ಹೋದಳು.

ಲೈಬ್ರರಿಯಲ್ಲಿ ಹಣ್ಣಿನ ರಸ, ಬಿಸ್ಕತ್ತು, ನೀಲಿ ಶರ್ಟುಗಳು. ಇವರಿಬ್ಬರು ಹಿಂದಿನ ಸಾಲಿನಲ್ಲಿ ಕುಳಿತರು. ಬ್ಲೀಚಿನ ವಾಸನೆಗೆ ಅಕ್ಕಪಕ್ಕದ ಕುರ್ಚಿಗಳು ತಾವಾಗಿ ಖಾಲಿಯಾದವು. ಯಾರೂ ಏನೂ ಅನ್ನಲಿಲ್ಲ, ಅಲ್ಲಿಯ ಜನ ಸಭ್ಯರು. ಮುಂದೆ ಕುಳಿತ ಹೊಂಬಣ್ಣದ ಕೂದಲಿನ ಹೆಂಗಸು ಗೆಳತಿಗೆ ತನ್ನ ಮಗ ಕೋಲ್ಟನ್‌ನ ಕಥೆ ಹೇಳುತ್ತಿದ್ದಳು. ನಯೇಲಿ ತಾಯಿಯ ಕಿವಿಗೆ ಬಾಯಿಟ್ಟು ಅದನ್ನೆಲ್ಲ ಸ್ಪ್ಯಾನಿಷಿಗೆ ತಿರುಗಿಸಿದಳು. ಈ ಸಲ ಅವಳನ್ನು ಯಾರೂ ಕೇಳಿಕೊಂಡಿರಲಿಲ್ಲ.

‘ಅವನಿಗೆ ಪರೀಕ್ಷೇಲಿ ಅಂಕ ಬರ್ಲಿಲ್ವಂತೆ. ಅವರಮ್ಮ ಬಂದು ಕೂಗಾಡಿದ್ರಂತೆ. ಮತ್ತೆ ಬಂದ್ರಂತೆ. ಕೊನೆಗೆ ಸೇರಿಸ್ಕೊಂಡ್ರಂತೆ. ಸುಮ್ನೆ ಇದ್ರೆ ಇವ್ರು ಏನೂ ಕೊಡಲ್ಲ ಅಂತ ಹೇಳ್ತಿದಾರೆ.’

ಎಲ್ವೀರಾ ಆ ಹೆಂಗಸಿನ ಬೆನ್ನನ್ನು ನೋಡಿದಳು. ಅಳುವುದನ್ನು ಬಲ್ಲ ಬೆನ್ನು. ದ್ವೇಷ ಬರಲಿಲ್ಲ. ಕಲಿಯಬೇಕಾದದ್ದು ಸಿಕ್ಕಿತು.

ಗಾರ್ಲಂಡ್ ಸ್ವಾಗತ ಹೇಳಿ, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಕೇಳಿದ. ಎಲ್ವೀರಾ ಎದ್ದು ನಿಂತಳು. ಕೈಯೆತ್ತಲಿಲ್ಲ. ನನ್ನ ಮಗಳನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದಳು. ನಯೇಲಿ ಇಂಗ್ಲಿಷಿನಲ್ಲಿ ಹೇಳಿದಳು. ಗಾರ್ಲಂಡ್ ನಕ್ಕ. ಇದು ಅದಕ್ಕೆ ತಕ್ಕ ಜಾಗವಲ್ಲ, ಸೋಮವಾರ ಬನ್ನಿ, ಕೂತು ಮಾತಾಡೋಣ ಎಂದ. ಇಂಗ್ಲಿಷಿನಲ್ಲಿ ಎಲ್ವೀರಾಗೆ ಬರುತ್ತಿದ್ದ ಮಾತುಗಳಲ್ಲಿ ‘ಯಾಕೆ’ ಎನ್ನುವುದೂ ಒಂದಿತ್ತು. ಇಷ್ಟು ವರ್ಷ ಅದನ್ನು ಬಳಸಿಯೇ ಇರಲಿಲ್ಲ, ಹೊಸ ಪಾತ್ರೆಯಂತೆ ಮೇಲಿಟ್ಟಿದ್ದಳು. ಈಗ ಇಳಿಸಿದಳು.

‘ಯಾಕೆ?’ ಎಂದಳು.

ಮಗುವಿನ ನೆಮ್ಮದಿ ಮುಖ್ಯ ಎಂದ ಗಾರ್ಲಂಡ್. ಯಾಕೆ ಎಂದಳು. ಬೇರೆ ಮಕ್ಕಳ ನಡುವೆ ಅವಳಿಗೆ ಒಂಟಿಯೆನಿಸಬಾರದು ಎಂದ. ಯಾಕೆ ಎಂದಳು. ಅವನ ಕುತ್ತಿಗೆ ಕೆಂಪೇರಿತು. ಆಗ ಮಿಸೆಸ್ ಪ್ರೂವಿಟ್ ಎದ್ದರು. ಅವರೂ ಒಳ್ಳೆಯವರೇ, ಆ ಊರಿನಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

‘ನೇರವಾಗಿ ಹೇಳ್ತೀನಿ,’ ಎಂದರು. ‘ಅವಳ ಉತ್ತರ ಎಲ್ಲಾ ಸರಿ ಇದ್ವು. ಅದೇ ತೊಂದರೆ. ಹೇಗೆ ಬಂತು ಅಂತ ಎಲ್ಲೂ ಬರೆದಿರ್ಲಿಲ್ಲ. ಕೇಳಿದ್ರೆ ತಲೆ ತಗ್ಗಿಸಿದ್ಲು. ನಾನೇನು ಅಂದ್ಕೋಬೇಕು?’

ತಮ್ಮ ಮಾತಿಗೆ ತಾವೇ ಕರಗಿದಂತೆ ಮಾರ್ಕರ್ ಪೆನ್ನೊಂದನ್ನು ತೆಗೆದು ನಯೇಲಿಯ ಕಡೆ ಚಾಚಿದರು. ಬಾ ಚಿನ್ನಾ, ಈಗ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಬಿಡು, ಎಲ್ಲರ ಅನುಮಾನ ಹೋಗಲಿ, ನಿನಗೂ ಒಳ್ಳೆಯದು ಎಂದರು. ನಾಲ್ಕಾರು ತಂದೆತಾಯಿಗಳು ತಲೆಯಾಡಿಸಿದರು. ಎಷ್ಟು ನ್ಯಾಯವಾದ ಮಾತು. ಸರ್ಕಸ್ಸಿನ ಕರಡಿಗೂ ಸೈಕಲ್ ತುಳಿಯಲು ಒಂದು ಅವಕಾಶ ಕೊಡಬೇಕಲ್ಲ.

ನಯೇಲಿ ಎದ್ದಳು. ಒಂದು ಹೆಜ್ಜೆ ಮುಂದೆ ಹೋದಳು. ಅವಳಿಗೆ ಆ ಲೆಕ್ಕ ನೀರು ಕುಡಿದಷ್ಟು ಸಲೀಸು, ಎಲ್ವೀರಾಗೆ ಅದು ಗೊತ್ತಿತ್ತು. ಮಾಡಿ ತೋರಿಸಿದರೆ ಮುಗಿಯಿತು ಎಂದು ಅವಳ ಮನಸ್ಸೂ ಒಂದು ಗಳಿಗೆ ಆಸೆಪಟ್ಟಿತು. ಹುಡುಗಿ ಪೆನ್ನನ್ನು ನೋಡಿದಳು. ತಿರುಗಿ ತಾಯಿಯ ಬೂಟನ್ನು ನೋಡಿದಳು. ಆಮೇಲೆ ತಲೆಯೆತ್ತಿ ಟೀಚರ ಕಣ್ಣಿಗೇ ಕಣ್ಣಿಟ್ಟಳು.

‘ಮೊದ್ಲು ಕೋಲ್ಟನ್ ಮಾಡ್ಲಿ,’ ಎಂದಳು.

ಕೋಣೆಯಲ್ಲಿ ಬಿಸ್ಕತ್ತು ಅಗಿಯುವ ಸದ್ದೂ ನಿಂತಿತು. ಕೋಲ್ಟನ್ ಎನ್ನುವ ಪಾಪದ ಹುಡುಗ ನೀಲಿ ಶರ್ಟಿನೊಳಗೆ ಮುದುಡಿಕೊಂಡ. ಅವನ ತಾಯಿ, ಇವನನ್ನು ಯಾಕೆ ಎಳೆಯುತ್ತೀರಿ ಎಂದು ದನಿಯೇರಿಸಿದಳು.

‘ಅವನ ಮೇಲೆ ನಂಗೆ ಸಿಟ್ಟಿಲ್ಲ,’ ಎಂದಳು ನಯೇಲಿ. ‘ಪರೀಕ್ಷೆ ನಾನೂ ಬರ್ದಿದೀನಿ, ಅವನೂ ಬರ್ದಿದಾನೆ. ಅವನನ್ನ ಬೋರ್ಡಿಗೆ ಕರ್ದಿಲ್ಲ. ಇಲ್ಲಿ ಯಾರನ್ನೂ ಕರ್ದಿಲ್ಲ. ನಾನು ಕದ್ದಿಲ್ಲ. ಕದ್ದಿಲ್ಲ ಅಂತ ಕುಣಿದು ತೋರ್ಸಲ್ಲ.’

ಅವಳು ಸ್ಪ್ಯಾನಿಷಿನಲ್ಲಿ ಹೇಳಲಿಲ್ಲ, ತಾಯಿಗೆ ಪ್ರತಿ ಮಾತೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಮಗಳ ಕುತ್ತಿಗೆ ನೆಟ್ಟಗಿತ್ತು. ಎಲ್ವೀರಾ ಕುರ್ಚಿಯನ್ನು ಸರಿಯಾಗಿ ಜೋಡಿಸಿಟ್ಟು, ಮಗಳ ಕೈ ಹಿಡಿದು ಹೊರಬಂದಳು. ಬೂಟು ನೆಲದ ಮೇಲೆ ಕಿಚ್ ಕಿಚ್ ಎನ್ನುತ್ತಿತ್ತು. ಹೊರಗೆ ಬಂದ ಮೇಲೆ ನಯೇಲಿ ಪೊದೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ವಾಂತಿ ಮಾಡಿದಳು. ಎಲ್ವೀರಾ ಅವಳ ಹಣೆ ಹಿಡಿದುಕೊಂಡಳು.

ಮುಂದಿನ ವಾರ ಗಾರ್ಲಂಡನ ಫೋನು ಬಂತು. ಈ ಸಲ ಸ್ಪ್ಯಾನಿಷ್ ಬಲ್ಲ ಗುಮಾಸ್ತೆಯನ್ನೂ ಕೂರಿಸಿಕೊಂಡಿದ್ದ, ರಜೆ ಮುಗಿದಿರಬೇಕು. ಎರಡು ಸುದ್ದಿ ಎಂದ. ಹಿರಿಯರೊಂದಿಗೆ ಅಗೌರವದಿಂದ ನಡೆದದ್ದಕ್ಕೆ ನಯೇಲಿ ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕುಳಿತು ಹೋಗಬೇಕು. ಮಾತಾಡದಿದ್ದಾಗ ಜಾಣೆಯಲ್ಲ, ಮಾತಾಡಿದರೆ ಒರಟಳು, ಇಷ್ಟು ಅಚ್ಚುಕಟ್ಟಾದ ತಕ್ಕಡಿ ಬೇರೆಲ್ಲಿ ಸಿಕ್ಕೀತು? ಎರಡನೆಯದು, ಎಲ್ಲವನ್ನೂ ಪರಿಶೀಲಿಸಿ, ಅವಳನ್ನು ವೇಗದ ಗಣಿತಕ್ಕೆ ಸೇರಿಸಿಕೊಳ್ಳಲಾಗಿದೆ. ಆರು ವಾರ ನೋಡುತ್ತಾರೆ. ಸರಿಹೋಗದಿದ್ದರೆ ವಾಪಸು.

‘ಕೋಲ್ಟನ್‌ಗೂ ಆರು ವಾರಾನಾ?’ ಎಂದಳು ಎಲ್ವೀರಾ.

ಗುಮಾಸ್ತೆ ಆ ಪ್ರಶ್ನೆಯನ್ನು ದಾಟಿಸಿದಳೋ ಇಲ್ಲವೋ. ಆ ಕಡೆ ಮೌನ. ಎಲ್ವೀರಾಗೆ ಆ ಮೌನದ ಗುರುತು ಸಿಕ್ಕಿತು. ಗ್ರಾಸಿಯಾಸ್‌ಗೆ ಬಿಟ್ಟ ಜಾಗ ಅದು. ಹೋದ ಸಲ ಅಂಥ ಜಾಗವನ್ನು ಅವಳು ಎರಡೆರಡು ಸಲ ತುಂಬಿ ಕೊಟ್ಟಿದ್ದಳು. ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು, ನಲವತ್ತು ವರ್ಷದ ಅಭ್ಯಾಸ. ನುಂಗಿಕೊಂಡಳು. ಅವನು ಕಾದ. ಅವಳೂ ಕಾದಳು.

‘ಪರವಾಗಿಲ್ಲ ಬಿಡಿ, ಅದಕ್ಯಾಕೆ ಥ್ಯಾಂಕ್ಸು,’ ಎಂದ ಗಾರ್ಲಂಡ್ ಕೊನೆಗೆ, ಅವಳು ಹೇಳಿಯೇ ಬಿಟ್ಟಳೆಂಬಂತೆ.

‘ನಾನು ಹೇಳಿಲ್ಲ,’ ಎಂದು ಎಲ್ವೀರಾ ಫೋನಿಟ್ಟಳು.

ಒಲೆಯ ಮೇಲೆ ಟೋರ್ತಿಯಾ ರೊಟ್ಟಿ ಉಬ್ಬುತ್ತಿತ್ತು. ತಿರುವಿ ಹಾಕಲು ಬೆರಳು ಬಗ್ಗಲಿಲ್ಲ, ಅಂಗೈಯಿಂದಲೇ ತಳ್ಳಿದಳು. ಸುದ್ದಿ ಹೇಳಬೇಕಿತ್ತು. ಒಳಗಿನ ಕೋಣೆಯ ಕಡೆ ತಿರುಗಿ ಜೋರಾಗಿ ಕೂಗಿದಳು, ‘ನಯೇಲಿ!’

‘ಏನು?’ ಎಂದಿತು ಒಳಗಿನಿಂದ ದನಿ.

ಕೂಡಲೇ ಪೆನ್ಸಿಲು ಕೆಳಗೆ ಬಿದ್ದದ್ದು ಕೇಳಿಸಿತು. ಹುಡುಗಿ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು, ಏಟು ಬೀಳುವ ಕೆನ್ನೆಯನ್ನು ಆಚೆ ತಿರುಗಿಸಿಕೊಂಡು. ಎಲ್ವೀರಾಳ ಕೈ ಅರ್ಧ ಮೇಲೆದ್ದಿತ್ತು. ಅದು ಅಜ್ಜಿಯ ಕೈ. ಅದನ್ನು ಕೆಳಗಿಳಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು.

‘ಇನ್ನೊಂದ್ಸಲ ಹೇಳು,’ ಎಂದಳು.